ಫ್ರೀಜರಿನ ಗೋಡೆಗೆ ಬಿದ್ದ ತೂತು

ವಿದ್ಯಾನಗರದ ಆ ಅಂಗಡಿಗೆ ಕೆಲಸಕ್ಕೆ ಸೇರಿದಾಗ ನನಗೆ ಇಪ್ಪತ್ಮೂರು ವರ್ಷ. ಹಾಲು, ಮೊಸರು, ಐಸ್‌ಕ್ರೀಂ ಮಾರುವ ಅಂಗಡಿ. ಒಳಗಿನ ಮೂಲೆಯಲ್ಲಿ ಒಂದು ದೊಡ್ಡ ಡೀಪ್ ಫ್ರೀಜರ್ ಇತ್ತು, ಪೆಟ್ಟಿಗೆಯ ಹಾಗೆ ಮೇಲಿನಿಂದ ಮುಚ್ಚಳ ಎತ್ತುವಂಥದು. ಅದನ್ನು ನೋಡಿಕೊಳ್ಳುತ್ತಿದ್ದವರು ಭದ್ರಾವತಿಯ ನ್ಯೂ ಟೌನಿನಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಒಬ್ಬ ಹೆಂಗಸು. ನನಗಿಂತ ಇಪ್ಪತ್ತು ವರ್ಷವಾದರೂ ದೊಡ್ಡವರು. ಅಕ್ಕ ಎಂದೇ ಕರೆಯುತ್ತಿದ್ದೆ. ಅವರ ಗಂಡ ಉಕ್ಕಿನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು.

ಫ್ರೀಜರಿನ ಕೆಲಸ ನನಗೆ ಕಲಿಸಿದ್ದು ಅಕ್ಕನೇ. ಹಿಂದಿನ ಗೋಡೆಗೆ ತಾಗಿಸಬಾರದು, ಬಿಸಿ ಗಾಳಿ ಹೋಗಲು ಒಂದು ಗೇಣು ಜಾಗ ಬಿಡಬೇಕು. ಒಳಗಿರುವ ಕೆಂಪು ಗೆರೆಗಿಂತ ಮೇಲೆ ಸಾಮಾನು ತುಂಬಬಾರದು. ಕರೆಂಟು ಹೋದರೆ ಮುಚ್ಚಳ ತೆರೆಯಲೇಬಾರದು. ಒಳಗೋಡೆಯ ಮೇಲೆ ಬೆರಳು ದಪ್ಪ ಐಸು ಕಟ್ಟಿತೆಂದರೆ ಅದನ್ನು ಕರಗಿಸುವ ದಿನ ಬಂತು ಎಂದರ್ಥ. ಆ ದಿನ ಅಕ್ಕ ಮೊದಲ ಬಸ್ಸಿಗೇ ಬರುತ್ತಿದ್ದರು. ಪ್ಲಗ್ ಕಿತ್ತು, ಸಾಮಾನೆಲ್ಲ ಥರ್ಮೋಕೋಲ್ ಡಬ್ಬಗಳಿಗೆ ತುಂಬಿ, ಮೇಲೆ ಗೋಣಿತಾಟು ಹೊದಿಸುತ್ತಿದ್ದರು. ತಳದ ತೂತಿನ ಬಿರಡೆ ತೆಗೆದು ಬೇಸಿನ್ ಇಟ್ಟು, ಒಳಗೆ ಬಿಸಿನೀರಿನ ಪಾತ್ರೆಗಳನ್ನಿಟ್ಟು, ಸುಮ್ಮನೆ ಕಾಯುತ್ತಿದ್ದರು. ಐಸು ಸಡಿಲವಾದ ಮೇಲೆ ಒಂದು ಮರದ ಹಲಗೆಯಿಂದ ಮೆಲ್ಲಗೆ ತಳ್ಳಿದರೆ ಹಾಳೆಹಾಳೆಯಾಗಿ ಕಳಚಿ ಬೀಳುತ್ತಿತ್ತು.

ಅವರು ಮತ್ತೆ ಮತ್ತೆ ಹೇಳುತ್ತಿದ್ದ ಮಾತು ಒಂದೇ. "ಚಾಕು, ಸ್ಕ್ರೂಡ್ರೈವರ್ ಏನೂ ಮುಟ್ಟಿಸ್ಬೇಡ ಮಾರಾಯ್ತಿ. ಈ ತಗಡಿನ ಹಿಂದೇನೇ ಗ್ಯಾಸಿನ ಪೈಪು ಓಡುತ್ತೆ."

ಆ ವರ್ಷ ಯುಗಾದಿ ಕಳೆದ ಮೇಲೆ ಬಿಸಿಲು ಜೋರಾಗಿತ್ತು. ವ್ಯಾಪಾರ ಹೆಚ್ಚಾಗಿ ಎರಡು ತಿಂಗಳು ಫ್ರೀಜರ್ ನಿಲ್ಲಿಸಿ ಐಸು ಕರಗಿಸಲು ಆಗಿರಲಿಲ್ಲ. ಐಸು ಅಂಗೈ ದಪ್ಪ ಬೆಳೆದಿತ್ತು. ಕೊನೆಗೆ ಒಂದು ಬೆಳಿಗ್ಗೆ ಇಬ್ಬರೂ ಕೂತೆವು. ಹತ್ತೂವರೆಯಾದರೂ ಎಡಗೋಡೆಯ ಕೆಳಭಾಗದ ಐಸು ಬಿಡಲಿಲ್ಲ. ಹೊಸ ಮಾಲಿನ ಗಾಡಿ ಇನ್ನೇನು ಬರುವುದರಲ್ಲಿತ್ತು. ಅಕ್ಕ ಅಲ್ಲಿಗೂ ಹಲಗೆ ಹಾಕಿ ನೋಡಿ, ಇನ್ನೊಂದು ಸಲ ಬಿಸಿನೀರು ಇಡೋಣ ಎಂದು ಪಾತ್ರೆ ಎತ್ತಿಕೊಂಡು ಹಿಂದಿನ ಕೋಣೆಗೆ ಹೋದರು.

ನನಗೆ ತಾಳ್ಮೆ ಇರಲಿಲ್ಲ. ಪೆಟ್ಟಿಗೆಗಳ ಪಟ್ಟಿ ಕತ್ತರಿಸುವ ಚಾಕು ಕೈಗೆಟುಕುವಲ್ಲೇ ಇತ್ತು. ಐಸಿನ ಸಂದಿಗೆ ತುದಿ ಸೇರಿಸಿ ಒತ್ತಿದೆ. ಎರಡನೇ ಸಲ ಒತ್ತಿದಾಗ ಚಾಕು ಒಮ್ಮೆಲೇ ಒಳಕ್ಕೆ ಜಾರಿತು. ಉಸ್ ಎಂಬ ಸಣ್ಣ ಸದ್ದು ಬಂತು, ಯಾರೋ ಹಲ್ಲಿನ ಸಂದಿಯಿಂದ ಉಸಿರು ಬಿಟ್ಟಂತೆ. ನಾನು ಚಾಕು ಹಿಂದಕ್ಕೆಳೆದು, ಲಂಗಕ್ಕೆ ಒರೆಸಿ, ಇದ್ದಲ್ಲೇ ಇಟ್ಟೆ. ಅಕ್ಕ ಬಿಸಿನೀರು ತರುವಷ್ಟರಲ್ಲಿ ಸದ್ದು ನಿಂತಿತ್ತು.

ಅಂದು ಪ್ಲಗ್ ಹಾಕಿದ ಮೇಲೆ ಮೋಟಾರು ಓಡಿತು, ಆದರೆ ಸಂಜೆಯಾದರೂ ಒಳಗೆ ತಂಪಾಗಲಿಲ್ಲ. ಮರುದಿನ ಮಾಚೇನಹಳ್ಳಿಯಿಂದ ಮೆಕ್ಯಾನಿಕ್ ಬಂದು, ಪೈಪಿಗೆ ಗಾಳಿ ತುಂಬಿ, ಸೋಪಿನ ನೀರು ಬಳಿದು ನೋಡಿ, ಎಡಗೋಡೆಯಲ್ಲಿ ತೂತು ಬಿದ್ದಿದೆ ಎಂದ. ಪೈಪು ಗೋಡೆಯೊಳಗೆ ಇರುವುದರಿಂದ ಸರಿಮಾಡಿದರೂ ನಿಲ್ಲುವುದು ಕಷ್ಟ ಎಂದ. ಅಂಗಡಿಯ ಯಜಮಾನರು ಕೆಟ್ಟವರಲ್ಲ. ಕೂಗಾಡಲಿಲ್ಲ. ಅಕ್ಕನ ಕಡೆ ನೋಡಿದರು, ಅಷ್ಟೆ. ನಾನು ಬಾಯಿ ತೆರೆಯಬೇಕು ಎಂದುಕೊಳ್ಳುತ್ತಿರುವಾಗಲೇ ಅಕ್ಕ ಮಾತಾಡಿಬಿಟ್ಟರು.

"ಅಲ್ಲಿ ಹಲಗೆ ಹಾಕಿದ್ದು ನಾನೇ. ಜೋರಾಗಿ ಒತ್ತಿದ್ನೋ ಏನೋ. ನನ್ ಕೈಯಿಂದಾನೇ ಆಗಿರ್ಬೇಕು."

ಇನ್ನು ಮುಂದೆ ಫ್ರೀಜರಿನ ಕೆಲಸ ನಾನು ನೋಡಿಕೊಳ್ಳಲಿ ಎಂದು ಯಜಮಾನರು ಹೇಳಿದರು. ಅಕ್ಕ ತಲೆಯಾಡಿಸಿದರು. ಹೊಸ ಫ್ರೀಜರ್ ಬಂದಾಗ ಅದರ ಹತ್ತಿರವೂ ಸುಳಿಯಲಿಲ್ಲ. ಒಂದು ತಿಂಗಳಿಗೆ ಕೆಲಸ ಬಿಟ್ಟರು. ಬಸ್ಸಿನ ಓಡಾಟ ಆಗುವುದಿಲ್ಲ ಎಂದು ಕಾರಣ ಕೊಟ್ಟರು. ನಾನು ನಂಬಿದಂತೆ ನಟಿಸಿದೆ.

ಏಳು ವರ್ಷ ಕಳೆಯಿತು. ನಾನು ಮದುವೆಯಾದೆ, ನನ್ನದೇ ಒಂದು ಸಣ್ಣ ಅಂಗಡಿ ಇಟ್ಟೆ. ಕಳೆದ ಬೇಸಿಗೆಯಲ್ಲಿ ನ್ಯೂ ಟೌನಿನ ಒಬ್ಬ ಗಿರಾಕಿ ಮಾತಿನ ನಡುವೆ ಅಕ್ಕನ ಸುದ್ದಿ ಹೇಳಿದರು. ಅಲ್ಲಿನ ಹೆಂಗಸರ ಸಂಘ ಕ್ಯಾಂಟೀನ್ ತೆರೆದು ಅಕ್ಕನನ್ನು ಕೆಲಸಕ್ಕೆ ಕರೆದಿತ್ತಂತೆ. "ನನ್ನ ಕೈ ಒರಟು, ಮಷೀನಿನ ಹತ್ತಿರ ನನ್ನನ್ನು ಬಿಡಬೇಡಿ" ಎಂದು ಅಕ್ಕ ಒಪ್ಪಲೇ ಇಲ್ಲವಂತೆ. ಮನೆಯಲ್ಲಿದ್ದ ಹೊಲಿಗೆ ಮಷೀನನ್ನೂ ಯಾರಿಗೋ ಕೊಟ್ಟುಬಿಟ್ಟಿದ್ದರಂತೆ.

ನಾನು ಅಲ್ಲಿಯವರೆಗೆ ಬೇರೆಯೇ ತಿಳಿದಿದ್ದೆ. ಅಕ್ಕ ನನ್ನನ್ನು ಉಳಿಸಲೆಂದೇ ತಪ್ಪು ಹೊತ್ತುಕೊಂಡರು, ಅವರಿಗೆ ಎಲ್ಲ ಗೊತ್ತಿತ್ತು ಎಂದು. ಹಾಗೆಂದುಕೊಂಡೇ ಅಷ್ಟು ವರ್ಷ ಸಮಾಧಾನ ಪಟ್ಟಿದ್ದೆ. ಅವರು ತಮ್ಮಿಂದಲೇ ಆಯಿತೆಂದು ನಿಜವಾಗಿ ನಂಬಿದ್ದರು ಎಂಬುದು ಆ ದಿನ ತಿಳಿಯಿತು. ಮರುದಿನ ಬೆಳಿಗ್ಗೆ ಅಂಗಡಿ ಬಾಗಿಲು ಹಾಕಿ ಭದ್ರಾವತಿಯ ಬಸ್ಸು ಹತ್ತಿದೆ.

ಅಕ್ಕ ಕಾರ್ಖಾನೆಯ ಕ್ವಾರ್ಟರ್ಸಿನ ಅಂಗಳದಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಕೂದಲು ಬೆಳ್ಳಗಾಗಿತ್ತು. ಗುರುತು ಹಿಡಿದು, ಬಾ ಎಂದು ಚಾಪೆ ಹಾಸಿದರು. ನಾನು ಕೂರುವ ಮೊದಲೇ ಹೇಳಿದೆ. ಚಾಕು ಹಾಕಿದ್ದು ನಾನು, ನೀವು ಬಿಸಿನೀರಿಗೆ ಹೋಗಿದ್ದಿರಿ, ಸದ್ದು ನನಗೆ ಕೇಳಿಸಿತ್ತು ಎಂದೆ. ಅಳು ಬಂತು, ತಡೆದುಕೊಂಡೆ. ಅಳುವ ಸರದಿ ನನ್ನದಲ್ಲ ಎನಿಸಿತು.

ಅಕ್ಕ ಕೈಯಲ್ಲಿದ್ದ ಬೆಳ್ಳುಳ್ಳಿ ಕೆಳಗಿಟ್ಟರು. ತಮ್ಮ ಎರಡೂ ಅಂಗೈಗಳನ್ನು ನೋಡಿಕೊಂಡರು. ಆಮೇಲೆ ಕೇಳಿದರು, "ಹಲಗೆಯಿಂದ ಆಗಿದ್ದಲ್ವಾ ಹಾಗಾದ್ರೆ?"

"ಅಲ್ಲ ಅಕ್ಕ."

"ಇವ್ರು ಹೇಳ್ತಾನೇ ಇದ್ರು. ಮರದಿಂದ ತಗಡು ತೂತಾಗಲ್ಲ ಕಣೇ ಅಂತ. ನನ್ನ ಸಮಾಧಾನಕ್ಕೆ ಹೇಳ್ತಾರೆ ಅಂದ್ಕೊಂಡಿದ್ದೆ."

ನಾನು ಕ್ಷಮಿಸಿ ಎಂದೆ. ಅವರು ಎದ್ದು ಒಳಗೆ ಹೋಗಿ ಗಂಡನನ್ನು ಕರೆತಂದರು. ಭಾವ ನಿವೃತ್ತರಾಗಿದ್ದರು, ಕ್ವಾರ್ಟರ್ಸನ್ನು ಬಾಡಿಗೆಗೆ ಉಳಿಸಿಕೊಂಡಿದ್ದರು. ಕನ್ನಡಕ ಹಣೆಗೇರಿಸಿಕೊಂಡು ಬಂದು ನನ್ನೆದುರು ಕುರ್ಚಿಯಲ್ಲಿ ಕೂತರು.

"ಈಗ ನಂಗೆ ಹೇಳಿದ್ದನ್ನ ಇವ್ರಿಗೂ ಹೇಳು. ಮೊದಲಿಂದ ಹೇಳು," ಎಂದರು ಅಕ್ಕ.

ಎರಡನೇ ಸಲ ಹೇಳುವುದು ಮೊದಲ ಸಲಕ್ಕಿಂತ ಕಷ್ಟವಾಯಿತು. ಭಾವ ಕೊನೆಯವರೆಗೂ ಕೇಳಿದರು. ನನ್ನನ್ನು ಬೈಯಲಿಲ್ಲ, ಪರವಾಗಿಲ್ಲ ಎಂದೂ ಹೇಳಲಿಲ್ಲ. ಹೆಂಡತಿಯ ಕಡೆ ತಿರುಗಿ ಕೂತರು. ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು, ನನಗೆ ಊಟ ಮಾಡಿಕೊಂಡು ಹೋಗು ಎಂದರು. ಆ ಮನೆಯಲ್ಲಿ ಊಟ ಮಾಡುವಷ್ಟು ಧೈರ್ಯ ನನಗಿರಲಿಲ್ಲ. ನೀರು ಕುಡಿದು ಹೊರಟೆ. ಗೇಟಿನ ತನಕ ಅಕ್ಕ ಬಂದರು, ಇನ್ನೊಮ್ಮೆ ಬಾ ಎಂದು ಮಾತ್ರ ಹೇಳಲಿಲ್ಲ.

ಕ್ಯಾಂಟೀನಿನ ಕೆಲಸಕ್ಕೆ ಅಕ್ಕ ಹೋಗಲು ಶುರುಮಾಡಿದ್ದಾರೆಂದು ಅದೇ ಗಿರಾಕಿ ದಸರೆಯ ಹೊತ್ತಿಗೆ ಹೇಳಿದರು.