ವಾರಕ್ಕೆ ಏಳು ಮಿಲಿಮೀಟರ್

ಗಾಯವಾದದ್ದು ಬಲಗೈಗೆ ಎಂದೇ ನನ್ನ ನಂಬಿಕೆ. ಆದರೆ ನೆನಪಿನಲ್ಲಿ ಮಾವ ಅದೇ ಕೈಯಲ್ಲಿ ಕಾಫಿ ಲೋಟ ಹಿಡಿದು ಕೂತಿರುತ್ತಾರೆ. ಅದು ಸಾಧ್ಯವಿರಲಿಲ್ಲ. ಹಾಗಾಗಿ ಉಳಿದ ವಿವರಗಳನ್ನೂ ನಾನು ಪೂರ್ತಿ ನಂಬುವುದಿಲ್ಲ.

ತೊಂಬತ್ತರ ದಶಕದ ಕೊನೆ. ನಾನು ಚೆನ್ನೈಯಲ್ಲಿ ಪ್ರಾಣಿಶಾಸ್ತ್ರದ ಎಂಎಸ್ಸಿ ಓದುತ್ತಿದ್ದೆ. ಉಡುಪಿ ಕಡೆಯಿಂದ ಬಂದ ನನ್ನ ಸೋದರಮಾವ ಪೆರಂಬೂರಿನ ಹೋಟೆಲೊಂದರಲ್ಲಿ ದೋಸೆ ಹುಯ್ಯುತ್ತಿದ್ದರು. ಒಂದು ದಿನ ಎಣ್ಣೆ ಡಬ್ಬದ ತಗಡು ಮೊಣಕೈಯ ಕೆಳಗೆ ಸೀಳಿತು. ವಾರ ರಜೆ ಹಾಕಿದರೆ ದೋಸೆ ಕಲ್ಲಿನ ಮುಂದೆ ಇನ್ನೊಬ್ಬ ನಿಲ್ಲುತ್ತಾನೆಂಬ ಭಯ ಅವರಿಗೆ. ಅರಸಿನ ಮೆತ್ತಿ ಬಟ್ಟೆ ಸುತ್ತಿದರು, ಬೆರಳು ಮರಗಟ್ಟಿದ್ದನ್ನು ಯಾರಿಗೂ ಹೇಳಲಿಲ್ಲ. ನರ ತುಂಡಾಗಿದೆ ಎಂದು ಗೊತ್ತಾಗಿ ಹೊಲಿಸುವ ಹೊತ್ತಿಗೆ ತಿಂಗಳುಗಳೇ ಕಳೆದಿದ್ದವು. ಕೈಗೆ ಸ್ಪರ್ಶ ಬರುವ ತನಕ ಕಲ್ಲಿನ ಹತ್ತಿರ ಬೇಡ ಎಂದು ಹೋಟೆಲಿನವರು ಬಾಳೆಲೆ ಒರೆಸಲು ಕೂರಿಸಿದರು.

ನಾನು ಓದಿದ್ದನ್ನು ಅವರಿಗೆ ಹೇಳಿದೆ. ತುಂಡಾದಲ್ಲಿಂದ ಆಚೆಗೆ ನರದ ಎಳೆಗಳು ಸಾಯುತ್ತವೆ. ಅವುಗಳನ್ನು ಸುತ್ತಿಕೊಂಡಿದ್ದ ಷ್ವಾನ್ ಕೋಶಗಳು ಉಳಿದು, ಸತ್ತದ್ದನ್ನು ತೆರವು ಮಾಡಿ, ಸಾಲಾಗಿ ನಿಂತು ಹೊಸ ತುದಿಗೆ ದಾರಿ ಮಾಡಿಕೊಡುತ್ತವೆ. ದಿನಕ್ಕೆ ಹೆಚ್ಚುಕಡಿಮೆ ಒಂದು ಮಿಲಿಮೀಟರ್. ಆ ಕೋಶಗಳು ಬಹಳ ಕಾಲ ಕಾಯಲಾರವು, ನರ ತಡವಾದರೆ ಕಡಿಮೆಯಾಗುತ್ತಾ ಹೋಗುತ್ತವೆ ಎಂಬುದನ್ನು ಮಾತ್ರ ಹೇಳಲಿಲ್ಲ.

ಭಾನುವಾರ ಮಧ್ಯಾಹ್ನ, ಡಾಕ್ಟರು ತೋರಿಸಿದಂತೆ, ಗಾಯದ ಕಲೆಯಿಂದ ಕೆಳಕ್ಕೆ ಬೆರಳಿನಿಂದ ತಟ್ಟುತ್ತಾ ಹೋಗುತ್ತಿದ್ದೆ. ಜುಮ್ಮೆಂದಿತು ಎಂದು ಮಾವ ಹೇಳಿದ ಜಾಗಕ್ಕೆ ನರ ತಲುಪಿದೆ ಎಂದರ್ಥ. ಅಲ್ಲಿ ಪೆನ್ನಿನಿಂದ ಗೀಟು ಹಾಕಿ, ಟೇಪಿನಲ್ಲಿ ಅಳೆದು ಬರೆದುಕೊಳ್ಳುತ್ತಿದ್ದೆ. ಮಾವನ ಕೈಗೆ ಟೈಲರ್ ಮನೆಗೇ ಬರ್ತಾಳೆ ಎಂದು ಅತ್ತೆ ನಗುತ್ತಿದ್ದರು. ವಾರಕ್ಕೆ ಏಳು ಮಿಲಿಮೀಟರ್, ಒಂದು ವಾರವೂ ಹೆಚ್ಚಲ್ಲ, ಕಡಿಮೆಯಲ್ಲ. ಆ ಅಚ್ಚುಕಟ್ಟು ಆಗಲೇ ನನ್ನನ್ನು ಹೆದರಿಸಬೇಕಿತ್ತು. ಹೆದರಿಸಿತ್ತೋ ಏನೋ.

ಒಂದು ಭಾನುವಾರ ಮಾವ ಕಿಟಕಿಯ ಕಡೆ ಮುಖ ಮಾಡಿ ಕೈ ಚಾಚಿ ಕೂತಿದ್ದರು. ನಾನು ಟೇಪು ಹುಡುಕುತ್ತಿದ್ದೆ. ಇನ್ನೂ ಅವರ ಕೈ ಮುಟ್ಟಿರಲಿಲ್ಲ.

"ಹಾಂ, ಜುಮ್ ಅಂತು. ಬರ್ಕೊ ಮಾರಾಯ್ತಿ," ಎಂದರು.

ಬರೆದುಕೊಂಡೆ. ಎಷ್ಟು ಬಂತು ಎಂದು ಅತ್ತೆ ಒಳಗಿನಿಂದ ಕೇಳಿದಾಗ ಏಳು ಎಂದೆ. ಮುಂದಿನ ತಿಂಗಳು ಕಲ್ಲಿಗೆ ವಾಪಸ್ ಬರ್ತೇನೆ ಅಂತ ಹೋಟೆಲಿನಲ್ಲಿ ಹೇಳಿಯಾಗಿದೆ ಎಂದರು ಮಾವ. ಕಲ್ಲು ಕಾದಿದೆಯೇ ಎಂದು ಅವರು ಯಾವಾಗಲೂ ನೋಡುತ್ತಿದ್ದದ್ದು ಆ ಅಂಗೈಯನ್ನು ಹತ್ತಿರ ಹಿಡಿದೇ.

ಹೊರಡುವಾಗ ಬಾಗಿಲಲ್ಲಿ ನಿಂತು ಅತ್ತೆಗೆ ಕೇಳಿಸದ ಹಾಗೆ ಒಂದು ಮಾತು ಕೇಳಿದೆ. ಮಾವ ಅಂಗಿಯ ತೋಳನ್ನು ಗೀಟಿನ ಮೇಲೆ ಎಳೆದುಕೊಂಡರು.

"ಮಾವಾ, ನಿಜವಾಗಿ ಜುಮ್ ಅಂದದ್ದು ಕೊನೆಗೆ ಯಾವ ವಾರ?"