ಮೇಷ್ಟ್ರ ಕಾರಿನ ಫ್ಯಾನು
ಜಗಳೂರಿನ ನನ್ನ ಗ್ಯಾರೇಜಿಗೆ ಪ್ರತಿ ಸೋಮವಾರ ತಪ್ಪದೆ ಬರುವವರೆಂದರೆ ಸೊಕ್ಕೆಯ ನಿವೃತ್ತ ಮೇಷ್ಟ್ರು ಓಬಳೇಶಪ್ಪನವರು. ಅವರ ಪುಟ್ಟ ಕಾರಿಗೆ ಹದಿನೇಳು ವರ್ಷ. ಕ್ಲಚ್ ಕೇಬಲ್ ತುಂಡಾಗಿ, ಬ್ಯಾಟರಿ ಸತ್ತು, ಇಳಿದ ಕಿಟಕಿಯ ಗಾಜು ಮೇಲೇರದೆ, ಅದರ ಅರ್ಧ ಆಯುಷ್ಯ ನನ್ನ ಬೇವಿನ ಮರದ ಕೆಳಗೇ ಕಳೆದಿದೆ. ಮೇಷ್ಟ್ರು ಬಾನೆಟ್ಟಿಗೆ ಕಿವಿಯಿಟ್ಟು, "ಒಳಗೆಲ್ಲೋ ಕಟಕಟ ಅಂತೈತೆ, ಕೇಳಪ್ಪ" ಎನ್ನುತ್ತಾರೆ. ನನಗೆ ಏನೂ ಕೇಳಿಸುವುದಿಲ್ಲ. ಕುರ್ಚಿ ಕೊಟ್ಟರೂ ಕೂರದೆ, ನಾನು ಬಿಗಿದ ಒಂದೊಂದು ನಟ್ಟನ್ನೂ ಉತ್ತರಪತ್ರಿಕೆ ತಿದ್ದುವವರಂತೆ ಎರಡೆರಡು ಸಲ ನೋಡುತ್ತಾರೆ. ಕಳೆದ ವಾರ ಬಂದವರು, ಎಂಜಿನ್ ತಣಿಸುವ ಫ್ಯಾನನ್ನು ಬದಲಿಸು ಎಂದರು. ಈ ವರ್ಷವೇ ಎರಡು ಸಲ ಬದಲಿಸಿದ್ದೆ. "ಚೆನ್ನಾಗೈತೆ ಸರ್, ಸುಮ್ನೆ ಯಾಕೆ ಬಿಚ್ಚಾಕೆ ಹೇಳ್ತೀರಿ?" ಎಂದು ರೇಗಿದೆ. ಅವರು ಬಾನೆಟ್ಟಿನ ಮೇಲೆ ಕೈಯಿಟ್ಟರು. ಆಮೇಲೆ ಹೇಳಿದರು: "ಹೋದ ವರ್ಷ ಫ್ಯಾನ್ ಹಾಕಿಸ್ರಿ ಅಂತ ನೀನೇ ಅಂದಿದ್ದೆ. ಮುಂದಿನ ತಿಂಗಳು ನೋಡಾಣ ಅಂದೋನು ನಾನು. ನಮ್ಮ ಮನೆಯವಳಿಗೆ ಎದೆನೋವು ಬಂತು, ದಾವಣಗೆರೆ ಆಸ್ಪತ್ರೆಗೆ ಹೊರಟ್ವಿ. ಅರ್ಧ ದಾರೀಲಿ ಎಂಜಿನ್ ಕಾದು ನಿಂತೇಬಿಡ್ತು. ಇದ್ದ ಒಂದೇ ಬಾಟ್ಲಿ ನೀರನ್ನ ರೇಡಿಯೇಟರಿಗೆ ಸುರಿದೆ. ಅದಾದ ಮೇಲೆ ಅವಳು ಕುಡಿಯಾಕೆ ನೀರು ಕೇಳಿದ್ಲು." ಆಕೆ ದಾರಿಯಲ್ಲೇ ತೀರಿಕೊಂಡದ್ದು ಊರಿಗೆಲ್ಲ ಗೊತ್ತಿತ್ತು, ನೀರು ಕೇಳಿದ್ದು ಯಾರಿಗೂ ಗೊತ್ತಿರಲಿಲ್ಲ. ನಾನು ಸ್ಪ್ಯಾನರ್ ಎತ್ತಿಕೊಂಡು, ಚೆನ್ನಾಗಿಯೇ ಇದ್ದ ಫ್ಯಾನನ್ನು ಬಿಚ್ಚತೊಡಗಿದೆ.