ಹಿಂದ ಇನ್ನಾ ಮುಟ್ಟಿಲ್ಲ!

ಭಾಲ್ಕಿಯ ಬಸ್ಸಿನಲ್ಲಿ ಕುಳಿತು ಬರೆಯುತ್ತಿದ್ದೇನೆ. ನಿನ್ನೆ ಸಂಜೆ ನಕ್ಕಿದ್ದಕ್ಕೆ ಪಕ್ಕೆ ಇನ್ನೂ ನೋಯುತ್ತಿದೆ.

ಬೀದರ ಕೋಟೆಯಲ್ಲಿ ಉತ್ಸವವಿತ್ತು. ಗೆಳೆಯ ರಫೀಕ್ ತನ್ನ ಅಮ್ಮಿಯನ್ನು ಕರೆತಂದಿದ್ದ. ಬರ ಬಿದ್ದಾಗಿನಿಂದ ಪುಣೆಯಲ್ಲಿ ದುಡಿಯುವ ಇನ್ನೊಬ್ಬ ಗೆಳೆಯ ಶೇಷರಾವ, ಇದಕ್ಕೆಂದೇ ರಜೆ ಹಾಕಿ, ಔರಾದದಿಂದ ಮರಾಠಿಯಷ್ಟೇ ಬಲ್ಲ ತನ್ನ ತಾಯಿ, ಆಯಿಯನ್ನು ಕರೆತಂದಿದ್ದ. ವೇದಿಕೆಯ ಮೇಲೆ ಮೈಸೂರು ಕಡೆಯ ಹಾಸ್ಯಗಾರರೊಬ್ಬರು.

ಅವರ ಕಥೆಯಲ್ಲಿ ದಿಬ್ಬಣವೂ ನೀರಿನ ಟ್ಯಾಂಕರೂ ಹಳ್ಳಿಗೆ ಒಟ್ಟಿಗೇ ಬಂದವು. ಹೆಣ್ಣಿನ ಕಡೆಯವರು ಟ್ಯಾಂಕರಿಗೆ ಆರತಿ ಎತ್ತಿದರು. ಮದುಮಗ ಬಾಸಿಂಗ ಕಟ್ಟಿಕೊಂಡೇ ಕೊಡ ಹಿಡಿದು ಸಾಲಿನಲ್ಲಿ ನಿಂತ.

ಕನ್ನಡ ಬಲ್ಲವರು ನಕ್ಕರು. ಅಷ್ಟರಲ್ಲಿ ರಫೀಕ್ ಅಮ್ಮಿಗೆ ಉರ್ದುವಿನಲ್ಲಿ ಹೇಳಿ ಮುಗಿಸಿದ್ದ. ಅಂಗಳದ ತುಂಬ ಅಂಥ ರಫೀಕರೇ ಇದ್ದದ್ದರಿಂದ ಇನ್ನೊಂದು ನಗೆ ಎದ್ದಿತು. ಅದು ಇಳಿಯುವ ಮೊದಲೇ ಮರಾಠಿಯವರದು ಶುರುವಾಯಿತು.

"ನಾನಿನ್ನೂ ಮುಂದಿನದು ಹೇಳೇ ಇಲ್ವಲ್ಲ!" ಹಾಸ್ಯಗಾರರು ಕಕ್ಕಾಬಿಕ್ಕಿಯಾದರು.

"ಜರಾ ತಡೀರಿ ಸಾಹೇಬ್ರ, ಹಿಂದ ಇನ್ನಾ ಮುಟ್ಟಿಲ್ಲ!" ಎಂದು ರಫೀಕ್ ಹಿಂದಿನ ಸಾಲಿನಿಂದ ಕೂಗಿದ.

ಪಾಪ, ಆಮೇಲೆ ಅವರು ಪ್ರತಿ ಮಾತಿಗೂ ಮೂರು ನಗೆ ಮುಗಿಯುವವರೆಗೆ ಕಾದರು. ಕೊನೆಗೆ ಅವರು ಕೈಮುಗಿದಾಗ ಶೇಷರಾವನ ಆಯಿ ಎದ್ದು ನಿಂತು, ಸೆರಗು ಸರಿಮಾಡಿಕೊಂಡು, ಬಹಳ ಗಂಭೀರವಾಗಿ ಮರಾಠಿಯಲ್ಲಿ ಕೇಳಿದರು: ಆ ಮದುಮಗನಿಗೆ ನೀರು ಸಿಕ್ಕಿತೋ ಇಲ್ಲವೋ?

ಅಷ್ಟು ಮರಾಠಿ ನಮ್ಮ ಕಡೆ ಎಲ್ಲರಿಗೂ ಬರುತ್ತದೆ; ಈ ಸಲ ಯಾರೂ ಯಾರಿಗೂ ಬಿಡಿಸಿ ಹೇಳಲಿಲ್ಲ. ಇಡೀ ಅಂಗಳ ಒಮ್ಮೆಗೇ ನಕ್ಕಿತು. ಹಾಸ್ಯಗಾರರೊಬ್ಬರೇ ಬಗ್ಗಿ, ಮುಂದಿನ ಸಾಲಿನವರನ್ನು ಅರ್ಥ ಕೇಳಿದರು. ನಾವೆಲ್ಲ ಸುಮ್ಮನಾಗಿ ಕಾದೆವು. ಮೈಕಿನಲ್ಲಿ ಅವರೊಬ್ಬರದೇ ನಗೆ ಬಂತು.

"ಹಾಂ, ಈಗ ಮುಟ್ಟಿತು ನೋಡ್ರಿ!" ಎಂದ ರಫೀಕ್.